ಸಮಕಾಲೀನ ಗುಂಪು: ಹಾಲಿನ ಕುರಿಯನ್ನು ಯಾವುದರ ಜೊತೆ ಹೋಲಿಸಬೇಕು?

ಒಂದೇ ಮಂದೆಯಲ್ಲಿ, ಒಂದೇ ಹಂಗಾಮಿನಲ್ಲಿ ಈದು, ಒಂದೇ ಮೇವು ತಿಂದು, ಒಂದೇ ಸೂಲಿನಲ್ಲಿರುವ ಕುರಿಗಳಿಗೆ ತಳಿ ಆಯ್ಕೆಯ ಲೆಕ್ಕದಲ್ಲಿ ಸಮಕಾಲೀನ ಗುಂಪು ಎನ್ನುತ್ತಾರೆ. ಕುರಿಯ ಹಾಲನ್ನು ತೂಗಿ ನೋಡಬೇಕಾದ್ದು ಈ ಗುಂಪಿನ ಸರಾಸರಿಯ ಎದುರಿಗೆ. ‘260 ಲೀಟರ್ ಕೊಟ್ಟಿದೆ’ ಎಂಬ ಒಂಟಿ ಅಂಕಿ ಅದರ ಮರಿಯ ಬೆಲೆ ಏರಿಸಲು ಸಾಕು, ತಳಿ ಸುಧಾರಿಸಲು ಸಾಲದು.

ಆ 260 ಲೀಟರಿನ ಕುರಿ ಮೂರನೇ ಸೂಲಿನದು, ಅದರ ಗುಂಪಿನ ಸರಾಸರಿ 270 ಎಂದುಕೊಳ್ಳಿ. ಇನ್ನೊಂದು ಮಂದೆಯ ಚೊಚ್ಚಲ ಕುರಿ 220 ಕೊಟ್ಟಿದೆ, ಅಲ್ಲಿಯ ಸರಾಸರಿ 180. ಮರಿ ಉಳಿಸಿಕೊಳ್ಳಬೇಕಾದ್ದು ಈ ಎರಡನೆಯದರದು. ಹಾಗೆಂದು ಹೆಚ್ಚಿನ 40 ಲೀಟರೂ ವಂಶದಿಂದ ಬಂದದ್ದಲ್ಲ. ಹಾಲಿನ ಪ್ರಮಾಣದ ಆನುವಂಶೀಯತೆ, ಅಂದರೆ ಕುರಿ ಕುರಿಯ ನಡುವಿನ ವ್ಯತ್ಯಾಸದಲ್ಲಿ ವಂಶದಿಂದ ಬಂದ ಪಾಲು, ಸುಮಾರು 0.3, ಹಾಗಾಗಿ ತಳಿಗುಣದ ಪಾಲು 12 ಲೀಟರ್, ಮರಿಗೆ ದಾಟುವುದು ಅದರರ್ಧ, 6.

ಅಳತೆಯೇ ಸರಿಯಿಲ್ಲದಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ. ಫ್ರಾನ್ಸಿನ ರೊಕ್‌ಫೋರ್ ಚೀಸಿನ ಸೀಮೆಯಲ್ಲಿ ಲಕೋನ್ ಎಂಬ ಹಾಲಿನ ತಳಿಯ ಕುರಿಯ ಮರಿ ಸುಮಾರು ನಾಲ್ಕು ವಾರ ತಾಯಿಯ ಹಾಲು ಕುಡಿಯುತ್ತದೆ. ಎಣಿಕೆ ಶುರುವಾಗುವುದು ಮರಿ ಬಿಡಿಸಿದ ಮೇಲೆ. ಮರಿ ಕುಡಿದು ಬಿಟ್ಟದ್ದನ್ನು ಕರೆದು ಬರೆದರೆ ಅವಳಿ ಸಾಕಿದ ತಾಯಿಗೆ ಅನ್ಯಾಯವಾಗುತ್ತದೆ. ಆಮೇಲೆ ತಿಂಗಳಿಗೊಮ್ಮೆ ಅಳತೆ. ಮರಿ ಬಿಡಿಸಿದ 10ನೇ ದಿನ 2.0 ಲೀಟರ್, 40ನೇ ದಿನ 1.8, 70ನೇ ದಿನ 1.4 ಬಂದರೆ, ಮೊದಲ 10 ದಿನಕ್ಕೆ 20 ಲೀಟರ್. ಮುಂದಿನ ಪ್ರತಿ ಅವಧಿಗೆ ಎರಡು ತುದಿಗಳ ಸರಾಸರಿಯನ್ನು 30 ದಿನಕ್ಕೆ ಗುಣಿಸಬೇಕು: 57, 48. ಒಟ್ಟು 125. ಫ್ಲೈಶ್‌ಮನ್ ವಿಧಾನ ಎಂದರೆ ಇದೇ.

ಬೆಳಗಿನ ಹಾಲು, ಸಂಜೆಯ ಹಾಲು ಒಂದೇ ಸಮ ಇರುವುದಿಲ್ಲ. ಎರಡು ಕರೆತಗಳ ನಡುವಿನ ಅಂತರ ಹೆಚ್ಚಾದಷ್ಟೂ ಹಾಲು ಹೆಚ್ಚು. ಖರ್ಚು ಉಳಿಸಲು ಒಂದೇ ಹೊತ್ತು ಅಳೆಯುವವರು ಮಂದೆಯ ಎರಡೂ ಹೊತ್ತಿನ ಒಟ್ಟು ಹಾಲನ್ನು ನೋಡಿ ಅಂಕಿ ಸರಿಪಡಿಸಬೇಕು, ಇಲ್ಲವೇ ಒಂದು ತಿಂಗಳು ಬೆಳಿಗ್ಗೆ, ಮರುತಿಂಗಳು ಸಂಜೆ ಅಳೆಯಬೇಕು. 120 ದಿನ ಕರೆದ ಕುರಿಯನ್ನು 180 ದಿನ ಕರೆದದ್ದರ ಪಕ್ಕ ಇಡುವುದಂತೂ ಬೇಡ. ಎರಡಕ್ಕೂ ಒಂದೇ ಅವಧಿ ಗೊತ್ತುಮಾಡಿಕೊಳ್ಳಿ.

ಗುಂಪು ಕೆಡುವುದು ಹೆಚ್ಚಾಗಿ ಮಾಲೀಕರ ಪ್ರೀತಿಯಿಂದ. ಅಚ್ಚುಮೆಚ್ಚಿನ ನಾಲ್ಕು ಕುರಿಗೆ ಬೇರೆ ಕಟ್ಟಿ ಹಿಂಡಿ ಜಾಸ್ತಿ ಹಾಕಿದರೆ ಆ ನಾಲ್ಕೇ ಬೇರೊಂದು ಗುಂಪು. ಅಷ್ಟು ಚಿಕ್ಕ ಗುಂಪಿನ ಸರಾಸರಿ ಒಂದೇ ಕುರಿಗೆ ಕೆಚ್ಚಲು ಬಾವು ಬಂದರೂ ತಲೆಕೆಳಗಾಗುತ್ತದೆ.

ಇನ್ನೊಂದು ತೊಡಕಿದೆ. ಒಂದು ಮಂದೆಯೇ ಒಟ್ಟಾರೆ ಒಳ್ಳೆಯ ರಕ್ತದ್ದಾಗಿದ್ದರೆ ಅಲ್ಲಿಯ ಸರಾಸರಿಗಿಂತ 10 ಲೀಟರ್ ಕಡಿಮೆ ಕೊಟ್ಟ ಕುರಿ ಬೇರೆಡೆಯ ಸರಾಸರಿಗಿಂತ 10 ಹೆಚ್ಚು ಕೊಟ್ಟದ್ದಕ್ಕಿಂತ ತಳಿಗುಣದಲ್ಲಿ ಮೇಲಿರಬಹುದು. ಇದು ತಿಳಿಯಬೇಕಾದರೆ ಕೆಲವು ಟಗರುಗಳ ಹೆಣ್ಣುಮರಿಗಳು ಹಲವು ಮಂದೆಗಳಲ್ಲಿ ಹಾಲು ಕೊಡುತ್ತಿರಬೇಕು. ಲಕೋನ್ ತಳಿಯಲ್ಲಿ ಈ ಕೊಂಡಿ ಕೃತಕ ಗರ್ಭಧಾರಣೆಯಿಂದ ಸಿಗುತ್ತದೆ: ಒಂದೇ ಟಗರಿನ ವೀರ್ಯ ಹತ್ತಾರು ಮಂದೆಗಳಿಗೆ ಹೋಗುತ್ತದೆ, ಅದರ ಮಕ್ಕಳ ಅಂಕಿಗಳಿಂದಲೇ ಮಂದೆ ಮಂದೆಯ ನಡುವಿನ ತಳಿ ವ್ಯತ್ಯಾಸವನ್ನು ಬಿಡಿಸಿ ನೋಡುತ್ತಾರೆ.