ಕೇಳಿಸದ ಮಾತಿನ ಮೇಲೆ ಎಫ್‌ಬಿಐ ತನಿಖೆ

ರೆಕಾರ್ಡಿಂಗ್ ಕಲಿಯಲು ಬರುವ ಹುಡುಗರಿಗೆ ನಾನು 'ಲೂಯಿ ಲೂಯಿ' ಹಾಡನ್ನು ತಪ್ಪದೆ ಕೇಳಿಸುತ್ತೇನೆ. "ಪದ ಬರೆದುಕೊಳ್ಳಿ" ಎನ್ನುತ್ತೇನೆ. ಒಬ್ಬೊಬ್ಬರದು ಒಂದೊಂದು ಥರ ಇರುತ್ತದೆ. ಅಮೆರಿಕದಲ್ಲಿ ಆಗಿದ್ದೂ ಇದೇ.

1963ರ ಏಪ್ರಿಲ್. ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಕಿಂಗ್ಸ್‌ಮೆನ್ ಎಂಬ ಹುಡುಗರ ತಂಡ ಈ ಹಾಡನ್ನು ರೆಕಾರ್ಡ್ ಮಾಡಿತು. ಹಾಡಿದವನು ಜ್ಯಾಕ್ ಈಲಿ. ಮೈಕನ್ನು ಅವನ ತಲೆಗಿಂತ ಎತ್ತರದಲ್ಲಿ ತೂಗುಹಾಕಿದ್ದರು. ಅವನು ಕತ್ತೆತ್ತಿ ಕಿರುಚಬೇಕಾಯಿತು. ಸುತ್ತಲೂ ಗಿಟಾರು, ಡ್ರಮ್ಸು. ಸಾಲದ್ದಕ್ಕೆ ಅವನ ಹಲ್ಲಿಗೆ ಕ್ಲಿಪ್ ಬೇರೆ. ಗಿಟಾರ್ ಸೋಲೋ ಮುಗಿದ ಮೇಲೆ ಅವನು ಬೇಗನೆ ಶುರುಮಾಡಿ, ತಟ್ಟನೆ ನಿಲ್ಲಿಸಿದ್ದೂ ಹಾಗೇ ಉಳಿದುಬಿಟ್ಟಿದೆ.

ಮೈಕ್ ದೂರವಾದರೆ ಏನಾಗುತ್ತದೆ? ನಮ್ಮ ದನಿಯ ಬಲವೆಲ್ಲ ಆ, ಊ, ಓ ಥರದ ಸ್ವರಗಳಲ್ಲಿರುತ್ತದೆ. ಆದರೆ ಇದು ಯಾವ ಪದ ಅಂತ ಗೊತ್ತಾಗುವುದು ಹೆಚ್ಚಾಗಿ ವ್ಯಂಜನಗಳಿಂದ. ಸ, ಟ, ಫ ಥರದವುಗಳ ಗುರುತು ಇರುವುದು ಸೆಕೆಂಡಿಗೆ 2000 ಕಂಪನ, ಅಂದರೆ 2000 ಹರ್ಟ್ಜ್‌ಗಿಂತ ಮೇಲೆ, ಅದೂ ತೀರಾ ಮೆಲ್ಲಗೆ. ಡ್ರಮ್ಸ್ ಜೊತೆಗಿನ ಲೋಹದ ತಾಳಗಳ (ಸಿಂಬಲ್) ಸದ್ದು ತುಂಬಿಕೊಳ್ಳುವುದೂ ಅಲ್ಲೇ. ಹೀಗೆ ವ್ಯಂಜನ ಮುಳುಗಿ ಸ್ವರ ಮಾತ್ರ ಉಳಿದಾಗ, ಖಾಲಿ ಜಾಗವನ್ನು ಮಿದುಳು ತಾನೇ ತುಂಬುತ್ತದೆ. ಯಾರಾದರೂ ಕೈಗೆ ಒಂದು ಚೀಟಿ ಕೊಟ್ಟು "ಇದೇ ಸಾಲು" ಅಂದರೆ ಅದೇ ಸ್ಪಷ್ಟವಾಗಿ ಕೇಳಿಸುತ್ತದೆ. ಗೊತ್ತಿದ್ದೂ ನನಗೇ ಹಾಗಾಗುತ್ತದೆ.

ಅಲ್ಲಿನ ಶಾಲಾ ಮಕ್ಕಳ ಕೈಯಲ್ಲಿ ಅಂಥ ಚೀಟಿಗಳು ಓಡಾಡಿದವು, ತೀರಾ ಪೋಲಿ ಸಾಲುಗಳು. ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 2ನೇ ಸ್ಥಾನಕ್ಕೇರಿತ್ತು. ಹೆತ್ತವರು ಗಾಬರಿಯಾದರು. ಅಟಾರ್ನಿ ಜನರಲ್ ರಾಬರ್ಟ್ ಕೆನಡಿಗೇ ದೂರು ಹೋಯಿತು. 1964ರಲ್ಲಿ ಇಂಡಿಯಾನಾ ಗವರ್ನರ್ ಮ್ಯಾಥ್ಯೂ ವೆಲ್ಶ್ ಇದನ್ನು ರೇಡಿಯೋದಲ್ಲಿ ಹಾಕಬೇಡಿ ಎಂದರು. ಎಫ್‌ಬಿಐ ಪ್ರಯೋಗಾಲಯ ಗ್ರಾಮಫೋನ್ ತಟ್ಟೆಯನ್ನು ನಿಧಾನಕ್ಕೆ, ಜೋರಾಗಿ, ಬೇರೆ ಬೇರೆ ವೇಗದಲ್ಲಿ ತಿರುಗಿಸಿ ನೋಡಿತು. ಆದರೆ ವೇಗ ಬದಲಿಸಿದರೆ ಮೈಕಿಗೆ ಸಿಗದ ವ್ಯಂಜನ ಎಲ್ಲಿಂದ ಬರಬೇಕು? ಯಾವ ವೇಗದಲ್ಲೂ ಅರ್ಥವಾಗುವುದಿಲ್ಲ ಎಂದೇ ಬರೆದರು.

ಅಷ್ಟು ಕಷ್ಟವೇ ಬೇಕಿರಲಿಲ್ಲ. ಹಾಡನ್ನು ಬರೆದ ರಿಚರ್ಡ್ ಬೆರಿ 1957ರಲ್ಲೇ ತನ್ನ ದನಿಯಲ್ಲಿ ರೆಕಾರ್ಡ್ ತಂದಿದ್ದ. ಅದರಲ್ಲಿ ಮಾತು ಸ್ಪಷ್ಟ. ಜಮೈಕಾದಲ್ಲಿರುವ ಹುಡುಗಿಯ ಹತ್ತಿರ ವಾಪಸ್ ಹೋಗಬೇಕು ಅಂತ ಒಬ್ಬ ನಾವಿಕ ಲೂಯಿ ಎಂಬ ಬಾರ್ ಕೆಲಸಗಾರನಿಗೆ ಹೇಳಿಕೊಳ್ಳುತ್ತಾನೆ, ಅಷ್ಟೇ. ಎಷ್ಟು ಮುದ್ದಾದ ಹಾಡು ಗೊತ್ತಾ! ನಿಜವಾದ ಬೈಗುಳ ಏನಾದರೂ ಇದ್ದರೆ ಅದು ಕಿಂಗ್ಸ್‌ಮೆನ್ ತಟ್ಟೆಯ 54ನೇ ಸೆಕೆಂಡಿನ ಆಸುಪಾಸಿನಲ್ಲಿ, ಹಿಂದಿನಿಂದ ಬರುವ ಕೂಗು. ಡ್ರಮ್ ಬಾರಿಸುವ ಕಡ್ಡಿ ಕೈತಪ್ಪಿದಾಗ ಬೈದಿದ್ದು ತಾನೇ ಎಂದು ಡ್ರಮ್ಮರ್ ಲಿನ್ ಈಸ್ಟನ್ ಆಮೇಲೆ ಒಪ್ಪಿಕೊಂಡ.

ನನಗೆ ಹೊಟ್ಟೆ ಉರಿಯುವುದು ಬೆರಿಯನ್ನು ನೆನೆದಾಗ. ಮದುವೆ ಖರ್ಚಿಗೆಂದು 1959ರಲ್ಲಿ ಹಾಡಿನ ಹಕ್ಕನ್ನು 750 ಡಾಲರ್‌ಗೆ ಮಾರಿದ್ದ. ತಟ್ಟೆಗಳು ಲಕ್ಷಗಟ್ಟಲೆ ಮಾರಾಟವಾದವು. ಅವನ ಪಾಲು ಅವನಿಗೆ ಮತ್ತೆ ಸಿಕ್ಕಿದ್ದು 1980ರ ದಶಕದಲ್ಲಿ.