ಬಿಳಿ ಚುಕ್ಕೆ ತಾನಾಗಿಯೇ ಹೋಯಿತು, ಮೀನು ಗುಣವಾಯಿತಾ?

ಓದುಗರ ಪ್ರಶ್ನೆ: ನನ್ನ ಉಪ್ಪುನೀರಿನ ಅಕ್ವೇರಿಯಂನಲ್ಲಿ ಎರಡು ಕ್ಲೌನ್ ಫಿಶ್ ಇವೆ. ಈಚೆಗೆ ಟ್ಯಾಂಗ್ ಅನ್ನುವ ಜಾತಿಯ ಒಂದು ಮೀನನ್ನು ಸೇರಿಸಿದೆ. ಕೆಲವೇ ದಿನದಲ್ಲಿ ಅದರ ಮೈಮೇಲೆ, ರೆಕ್ಕೆ ಮೇಲೆ ಬಿಳಿ ಚುಕ್ಕೆ ಬಂತು. ಔಷಧಿ ತರೋಣ ಅಂದುಕೊಳ್ಳುವಷ್ಟರಲ್ಲಿ ಚುಕ್ಕೆ ಪೂರ್ತಿ ಮಾಯವಾಯಿತು. ಈಗ ಮೀನು ಚೆನ್ನಾಗಿ ತಿನ್ನುತ್ತಿದೆ. ಇನ್ನು ಚಿಂತೆ ಇಲ್ಲ ಅಲ್ವಾ?

ಉತ್ತರ: ಇದೆ. ಚುಕ್ಕೆ ಹೋದ ಈ ಕೆಲವು ದಿನಗಳೇ ನಿಮ್ಮ ಕೈಗೆ ಸಿಕ್ಕಿರುವ ಸಮಯ. ದಯವಿಟ್ಟು ಇದನ್ನು ಕಳೆದುಕೊಳ್ಳಬೇಡಿ.

ನೀವು ಹೇಳುವ ಲಕ್ಷಣ ನೋಡಿದರೆ ಇದು ಮೆರೈನ್ ಇಕ್ ಅನ್ನುವ ಬಿಳಿ ಚುಕ್ಕೆ ರೋಗ ಆಗಿರುವ ಸಾಧ್ಯತೆ ಜಾಸ್ತಿ. ಇದನ್ನು ತರುವುದು ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್ ಅನ್ನುವ ಏಕಕೋಶ ಜೀವಿ. ನಾವು ನೋಡುವ ಚುಕ್ಕೆ ಗಾಯವಲ್ಲ. ಚರ್ಮದ ಮೇಲ್ಪದರದ ಕೆಳಗೆ ಕೂತು ಮೀನಿನ ಜೀವಕೋಶಗಳನ್ನೇ ತಿನ್ನುತ್ತಿರುವ ಪರಾವಲಂಬಿ ಅದು. ಹೊಟ್ಟೆ ತುಂಬಲು ಅದಕ್ಕೆ ಸುಮಾರು 3ರಿಂದ 7 ದಿನ ಸಾಕು. ಆಮೇಲೆ ತಾನೇ ಮೀನನ್ನು ಬಿಟ್ಟು ಕೆಳಗೆ ಇಳಿಯುತ್ತದೆ. ಚುಕ್ಕೆ ಮಾಯವಾಗಿದ್ದು ಹಾಗೆ. ಅದು ಸತ್ತಿಲ್ಲ, ನಿಮ್ಮ ಟ್ಯಾಂಕಿನ ತಳದಲ್ಲಿದೆ.

ಕೆಳಗಿಳಿದ ಮೇಲೆ ಏನು ಮಾಡುತ್ತದೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದು ಅರ್ಥವಾದರೆ ಯಾವ ಚಿಕಿತ್ಸೆ ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ ಅನ್ನುವುದು ನಿಮಗೇ ಗೊತ್ತಾಗುತ್ತದೆ.

ಮೀನು ಬಿಟ್ಟ ಪರಾವಲಂಬಿ ಕೆಲವು ಗಂಟೆ ಮರಳು, ಕಲ್ಲು, ಗಾಜಿನ ಮೇಲೆ ತೆವಳುತ್ತದೆ. ಒಂದು ಜಾಗ ಹಿಡಿದು ಅಂಟಿಕೊಳ್ಳುತ್ತದೆ, ಸುತ್ತ ಗಟ್ಟಿ ಕವಚ ಕಟ್ಟಿಕೊಳ್ಳುತ್ತದೆ. ಒಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತಾ ಹೋಗುತ್ತದೆ. ಹೀಗೆ ಒಂದು ಕವಚದಿಂದ 200ಕ್ಕೂ ಹೆಚ್ಚು ಮರಿಗಳು ಹೊರಬರಬಹುದು. ಹೊರಬಂದ ಮರಿ ಒಂದೆರಡು ದಿನದೊಳಗೆ ಮೀನನ್ನು ಹುಡುಕಿಕೊಳ್ಳಬೇಕು, ಇಲ್ಲದಿದ್ದರೆ ಸಾಯುತ್ತದೆ. ಮರಿಗಳು ಹೆಚ್ಚಾಗಿ ಹೊರಬರುವುದು ನಸುಕಿನಲ್ಲಿ. ಆ ಹೊತ್ತಿಗೆ ಮೀನುಗಳು ಕಲ್ಲಿನ ಸಂದಿಯಲ್ಲಿ, ತಳದ ಹತ್ತಿರ ಅಲುಗಾಡದೆ ಮಲಗಿರುತ್ತವೆ. ಹುಡುಕುವ ಕಷ್ಟವೇ ಇಲ್ಲ.

ಸಮುದ್ರದಲ್ಲಿ ಇಷ್ಟು ಮರಿಗಳಲ್ಲಿ ಬಹುಪಾಲು ಮೀನು ಸಿಗದೆ ನಾಶವಾಗುತ್ತವೆ. ಗಾಜಿನ ಟ್ಯಾಂಕಿನಲ್ಲಿ ಮೀನಿಗೆ ಓಡಿಹೋಗಲು ಜಾಗವಿಲ್ಲ. ಹಾಗಾಗಿ ಮೊದಲ ಸಲ ಐದಾರು ಚುಕ್ಕೆ ಕಂಡರೆ, ಮುಂದಿನ ಸಲ ಮೈತುಂಬ ಚುಕ್ಕೆ. ಅಷ್ಟು ಹೊತ್ತಿಗೆ ಕಿವಿರುಗಳೂ ಹಾಳಾಗಿರುತ್ತವೆ. ಮೀನು ಕೊನೆಗೆ ಸಾಯುವುದು ಬಹಳ ಸಲ ಉಸಿರು ಕಟ್ಟಿ. ಇನ್ನೊಂದು ವಿಷಯವೂ ಇದೆ. ಸಮುದ್ರದ ಮೀನಿನ ಮೈಯೊಳಗಿನ ದ್ರವಕ್ಕಿಂತ ಸುತ್ತಲಿನ ನೀರು ಹೆಚ್ಚು ಉಪ್ಪು. ಚರ್ಮ ತೂತಾದಷ್ಟೂ ಮೈಯ ನೀರು ಹೊರಗೆ ಹೋಗುತ್ತದೆ. ನೀರಿನೊಳಗೇ ಇದ್ದುಕೊಂಡು ಮೀನು ಒಣಗುತ್ತದೆ.

ಮೊದಲು ಇದು ನಿಜಕ್ಕೂ ಇಕ್ ಹೌದೇ ಎಂದು ನೋಡಿ. ಉಪ್ಪಿನ ಹರಳು ಉದುರಿಸಿದಂತೆ ಬಿಡಿಬಿಡಿಯಾಗಿ ಎಣಿಸಬಹುದಾದ ಚುಕ್ಕೆ, ಬಂದು ಹೋಗಿ ಮತ್ತೆ ಬರುವುದು, ಮೀನು ಕಲ್ಲಿಗೆ ಮೈ ಉಜ್ಜುವುದು, ಇವೆಲ್ಲ ಇಕ್‌ನ ಗುರುತು. ಎಣಿಸಲಾಗದಷ್ಟು ಸಣ್ಣ ಪುಡಿ ಮೈಗೆ ಮೆತ್ತಿದಂತಿದ್ದರೆ ಅದು ವೆಲ್ವೆಟ್ ರೋಗ, ಅಮೈಲೂಡಿನಿಯಂ ಅನ್ನುವ ಇನ್ನೊಂದು ಪರಾವಲಂಬಿಯಿಂದ ಬರುವಂಥದ್ದು. ಇದು ಇಕ್‌ಗಿಂತ ಎಷ್ಟೋ ಪಾಲು ಅಪಾಯಕಾರಿ. ಮೊದಲು ಕಿವಿರನ್ನೇ ಹಿಡಿಯುತ್ತದೆ. ಪುಡಿ ಕಣ್ಣಿಗೆ ಕಾಣುವ ಮೊದಲೇ ಮೀನು ಏದುಸಿರು ಬಿಡುತ್ತಾ ಪಂಪಿನ ನೀರಿನ ಎದುರು ನಿಂತಿರುತ್ತದೆ, ಬೆಳಕಿನಿಂದ ದೂರ ಹೋಗುತ್ತದೆ. ಒಂದೆರಡು ದಿನದಲ್ಲಿ ಇಡೀ ಟ್ಯಾಂಕ್ ಖಾಲಿಯಾಗಬಹುದು. ಇಲ್ಲಿ ಕಾದು ನೋಡುವ ಮಾತೇ ಇಲ್ಲ.

ಕ್ಲೌನ್ ಫಿಶ್ ಮೈಯಿಂದ ಬಿಳಿ ಲೋಳೆ ಪದರಪದರವಾಗಿ ಕಿತ್ತು ಬರುತ್ತಿದ್ದರೆ ಬ್ರೂಕ್ಲಿನೆಲ್ಲಾ ಅನ್ನುವ ಪರಾವಲಂಬಿ ಇರಬಹುದು. ಅದಕ್ಕೆ ತಾಮ್ರದ ಔಷಧಿ ನಾಟುವುದಿಲ್ಲ, ಫಾರ್ಮಲಿನ್ ಅನ್ನುವ ರಾಸಾಯನಿಕ ಬೇಕು. ರೆಕ್ಕೆಯ ಅಂಚಿನಲ್ಲಿ ಹೂಕೋಸಿನಂತೆ ಗಂಟು ಬೆಳೆದಿದ್ದರೆ ಅದು ಲಿಂಫೋಸಿಸ್ಟಿಸ್, ವೈರಸ್‌ನಿಂದ ಬರುವಂಥದ್ದು. ನೋಡಲು ಭಯವಾದರೂ ಸಾಮಾನ್ಯವಾಗಿ ತಾನೇ ವಾಸಿಯಾಗುತ್ತದೆ. ಅದಕ್ಕೆ ಔಷಧಿ ಸುರಿಯಬೇಡಿ.

ಇನ್ನು, ಏದುಸಿರು ಕಂಡ ಕೂಡಲೇ ರೋಗ ಅಂದುಕೊಳ್ಳಬೇಡಿ. ಮೊದಲು ನೀರಿನಲ್ಲಿ ಅಮೋನಿಯಾ (ಮೀನಿನ ತ್ಯಾಜ್ಯದಿಂದ ಬರುವ ವಿಷ) ಎಷ್ಟಿದೆ ಎಂದು ಟೆಸ್ಟ್ ಮಾಡಿ. ಅದು ಸೊನ್ನೆ ಇರಬೇಕು. ಸಮುದ್ರದ ನೀರಿನ ಪಿಎಚ್ 8ರ ಮೇಲಿರುವುದರಿಂದ ಸ್ವಲ್ಪ ಅಮೋನಿಯಾ ಕೂಡ ಇಲ್ಲಿ ಜಾಸ್ತಿ ವಿಷ. ನೀರು ಕೆಟ್ಟಿರುವಾಗ ಔಷಧಿ ಹಾಕಿದರೆ ಮೀನಿಗೆ ಎರಡು ಕಡೆಯಿಂದ ಪೆಟ್ಟು.

ಈಗ ನೀವು ಮಾಡಬೇಕಾದದ್ದು. ಮೂರೂ ಮೀನುಗಳನ್ನು ಬೇರೆ ಟ್ಯಾಂಕಿಗೆ ಹಾಕಿ. ಚುಕ್ಕೆ ಕಾಣದ ಕ್ಲೌನ್ ಫಿಶ್‌ಗಳೂ ಹೊರಗೆ ಬರಬೇಕು. ಅವುಗಳ ಕಿವಿರಿನಲ್ಲಿ ಪರಾವಲಂಬಿ ಇದ್ದರೆ ಹೊರಗಿನಿಂದ ಕಾಣುವುದೇ ಇಲ್ಲ. ಚಿಕಿತ್ಸೆಯ ಟ್ಯಾಂಕಿನಲ್ಲಿ ಮರಳು, ಕಲ್ಲು ಬೇಡ. ಅವು ಔಷಧಿಯಾಗಿ ಹಾಕುವ ತಾಮ್ರವನ್ನು ಹೀರಿಕೊಂಡು ಲೆಕ್ಕ ತಪ್ಪಿಸುತ್ತವೆ. ಸ್ಪಂಜ್ ಫಿಲ್ಟರ್, ಹೀಟರ್, ಅಡಗಿಕೊಳ್ಳಲು ಪಿವಿಸಿ ಪೈಪಿನ ತುಂಡು ಸಾಕು.

ಹೆಚ್ಚು ನೆಚ್ಚಬಹುದಾದ ಔಷಧಿ ತಾಮ್ರ. ಆದರೆ ಅದು ಚರ್ಮದೊಳಗೆ ಕೂತ ಪರಾವಲಂಬಿಯನ್ನು ಮುಟ್ಟುವುದಿಲ್ಲ, ಕವಚದೊಳಗೆ ಇರುವುದನ್ನೂ ಮುಟ್ಟುವುದಿಲ್ಲ. ನೀರಿನಲ್ಲಿ ಈಜುವ ಮರಿಯನ್ನು ಮಾತ್ರ ಕೊಲ್ಲುತ್ತದೆ. ಆದ್ದರಿಂದಲೇ ಸುಮಾರು 30 ದಿನ ಪ್ರಮಾಣ ಇಳಿಯದಂತೆ ಕಾಯಬೇಕು. ಒಂದು ದಿನ ಇಳಿದರೂ ಆ ದಿನ ಹೊರಬಂದ ಮರಿ ಬದುಕುತ್ತದೆ. ತಾಮ್ರದಲ್ಲಿ ಎರಡು ಬಗೆ: ನೀರಿನಲ್ಲಿ ಬಿಡಿಯಾಗಿರುವ ಅಯಾನಿಕ್, ಬೇರೆ ಅಣುವಿಗೆ ಕಟ್ಟಿರುವ ಕೀಲೇಟೆಡ್. ಅಯಾನಿಕ್ ತಾಮ್ರವಾದರೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ. ಕೀಲೇಟೆಡ್ ಆದರೆ ಪ್ರಮಾಣ ಇದರ ಹತ್ತು ಪಟ್ಟಿಗೂ ಹೆಚ್ಚಿರಬಹುದು, ಡಬ್ಬಿ ಮೇಲೆ ಬರೆದಂತೆಯೇ ಹೋಗಿ. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಾಕಿದರೆ ಮೀನು ಸಾಯುತ್ತದೆ. ಒಂದೇ ಸಲ ಸುರಿಯದೆ ಒಂದೆರಡು ದಿನದಲ್ಲಿ ನಿಧಾನವಾಗಿ ಏರಿಸಿ, ದಿನವೂ ಟೆಸ್ಟ್ ಮಾಡಿ. ಅಮೋನಿಯಾ ತಟಸ್ಥ ಮಾಡುವ ದ್ರಾವಣಗಳನ್ನು ತಾಮ್ರದ ಜೊತೆ ಸೇರಿಸಬೇಡಿ, ತಾಮ್ರ ಇನ್ನಷ್ಟು ವಿಷವಾಗುತ್ತದೆ. ಅಮೋನಿಯಾ ಏರಿದರೆ ನೀರು ಬದಲಿಸುವುದೇ ಸರಿ, ಹೊಸ ನೀರಿಗೂ ಅಷ್ಟೇ ತಾಮ್ರ ಬೆರೆಸಿ.

ಔಷಧಿ ಬೇಡ ಅನ್ನುವವರಿಗೆ ಟ್ಯಾಂಕ್ ಬದಲಿಸುವ ದಾರಿ ಇದೆ, ನನಗೆ ತುಂಬ ಇಷ್ಟವಾದದ್ದು. ಪ್ರತಿ 72 ಗಂಟೆಯೊಳಗೆ ಮೀನನ್ನು ಪೂರ್ತಿ ತೊಳೆದು ಒಣಗಿಸಿದ ಬೇರೆ ಟ್ಯಾಂಕಿಗೆ, ಹೊಸ ನೀರಿಗೆ ಸಾಗಿಸುವುದು. ಹೀಗೆ ನಾಲ್ಕು ಸಲ. ಬಿದ್ದ ಪರಾವಲಂಬಿ ಮರಿ ಹಾಕುವ ಮೊದಲೇ ಮೀನು ಅಲ್ಲಿಂದ ಹೋಗಿರುತ್ತದೆ. ಬಲೆ, ಹೀಟರ್, ಪೈಪು ಯಾವುದೂ ಒದ್ದೆಯಾಗಿ ಜೊತೆಗೆ ಹೋಗಬಾರದು. ಆದರೆ ವೆಲ್ವೆಟ್‌ಗೆ ಇದನ್ನು ನಂಬಬೇಡಿ. ನೀರಿನ ಉಪ್ಪು ಇಳಿಸುವ ಚಿಕಿತ್ಸೆಯೂ ಇದೆ. ಸಾಮಾನ್ಯವಾಗಿ 1.025 ಇರುವ ಸಾಪೇಕ್ಷ ಸಾಂದ್ರತೆಯನ್ನು (ನೀರಿನ ಉಪ್ಪು ಅಳೆಯುವ ಲೆಕ್ಕ) 1.009ಕ್ಕೆ ತಂದು ವಾರಗಟ್ಟಲೆ ಹಾಗೇ ಇಡುವುದು. ಅದೂ ವೆಲ್ವೆಟ್‌ಗೆ ನಾಟುವುದಿಲ್ಲ, ಇಕ್‌ನ ಕೆಲವು ತಳಿಗಳು ಅದನ್ನೂ ತಾಳಿಕೊಳ್ಳುತ್ತವೆ.

ಮುಖ್ಯ ಟ್ಯಾಂಕಿಗೆ ತಾಮ್ರ ಹಾಕಲೇಬೇಡಿ. ಹವಳ, ಸೀಗಡಿ, ಬಸವನಹುಳು ಎಲ್ಲ ಸಾಯುತ್ತವೆ. ಅಲ್ಲಿ ಮಾಡಬೇಕಾದದ್ದು ಒಂದೇ, ಮೀನಿಲ್ಲದೆ ಬಿಡುವುದು. ಬಹುತೇಕ ಕವಚಗಳು ನಾಲ್ಕು ವಾರದೊಳಗೆ ಒಡೆಯುತ್ತವೆ, ಆದರೆ 72 ದಿನ ತಡೆದ ದಾಖಲೆಯೂ ಇದೆ. ಹಾಗಾಗಿ ಅನುಭವಸ್ಥರು 76 ದಿನ ಅನ್ನುತ್ತಾರೆ. ಕಾಯುವುದು ಕಷ್ಟ, ನಿಜ. ಹವಳ, ಸೀಗಡಿಗಳಿಗೆ ಈ ರೋಗ ಬರುವುದಿಲ್ಲ, ಅವು ಅಲ್ಲೇ ಇರಲಿ. ಆದರೆ ಈ ಅವಧಿಯಲ್ಲಿ ಬೇರೆ ಟ್ಯಾಂಕಿನಿಂದ ಹೊಸ ಹವಳ, ಕಲ್ಲು ತರಬೇಡಿ. ಕವಚ ಅದಕ್ಕೆ ಅಂಟಿಕೊಂಡು ಬಂದರೆ ದಿನದ ಲೆಕ್ಕ ಮತ್ತೆ ಒಂದರಿಂದ ಶುರು.

ಬೆಳ್ಳುಳ್ಳಿ ಬೆರೆಸಿದ ಆಹಾರ, ಮೀನಿನ ಮೈ ಶುಚಿ ಮಾಡುವ ಕ್ಲೀನರ್ ಸೀಗಡಿ, ಯುವಿ (ಅತಿನೇರಳೆ) ದೀಪ ಸಾಕು ಎಂದು ಹಲವರು ಹೇಳುತ್ತಾರೆ. ಯುವಿ ನೀರಿನಲ್ಲಿ ತೇಲುವ ಮರಿಗಳಲ್ಲಿ ಒಂದಿಷ್ಟನ್ನು ಕೊಲ್ಲಬಹುದು. ಉಳಿದೆರಡು ಈ ರೋಗವನ್ನು ಟ್ಯಾಂಕಿನಿಂದ ತೆಗೆಯುವುದಿಲ್ಲ. ಅವುಗಳಿಂದ ವಾಸಿಯಾಯಿತು ಅನ್ನುವ ಕಥೆಗಳಲ್ಲಿ ಹೆಚ್ಚಿನವು ನಿಮ್ಮ ಟ್ಯಾಂಗ್‌ನ ಕಥೆಯೇ. ಚುಕ್ಕೆ ಹೇಗಿದ್ದರೂ ಹೋಗುತ್ತಿತ್ತು. ಕೆಲವು ಮೀನು ರೋಗ ತಡೆದುಕೊಂಡು ತಿಂಗಳುಗಟ್ಟಲೆ ಉಳಿಯುವ ರೋಗನಿರೋಧಕ ಶಕ್ತಿ ಬೆಳೆಸಿಕೊಳ್ಳುವುದೂ ಉಂಟು. ಆಗ ಅದರ ಮೈಮೇಲೆ ಏನೂ ಕಾಣದಿದ್ದರೂ ಪರಾವಲಂಬಿ ಟ್ಯಾಂಕಿನಲ್ಲಿ ಉಳಿದಿರಬಹುದು, ಮುಂದೆ ಬರುವ ಹೊಸ ಮೀನಿಗೆ ಹತ್ತುತ್ತದೆ.

ಟ್ಯಾಂಗ್ ಜಾತಿಯ ಮೀನುಗಳಿಗೆ ಈ ರೋಗ ಬೇಗ ಹತ್ತುತ್ತದೆ. ಸಾಗಣೆಯ ಆಯಾಸದಲ್ಲಿ ಬಂದ ಮೀನಿಗಂತೂ ಇನ್ನೂ ಬೇಗ. ಆದ್ದರಿಂದ ಮುಂದೆ ಯಾವುದೇ ಮೀನು ತಂದರೂ ಕನಿಷ್ಠ 30 ದಿನ ಬೇರೆ ಟ್ಯಾಂಕಿನಲ್ಲಿ ಕ್ವಾರಂಟೈನ್ ಮಾಡಿ. ಎರಡು ಟ್ಯಾಂಕುಗಳ ನಡುವೆ ಸಾಕಷ್ಟು ಅಂತರ ಇರಲಿ, ಬಲೆ ಬಕೆಟ್ ಬೇರೆಬೇರೆ ಇರಲಿ. ಮುಖ್ಯ ಟ್ಯಾಂಕಿನ ಫಿಲ್ಟರಿನಲ್ಲಿ ಒಂದು ಸ್ಪಂಜ್ ಯಾವಾಗಲೂ ಹೆಚ್ಚುವರಿಯಾಗಿ ಇಟ್ಟಿರಿ. ಟ್ಯಾಂಕ್ ಆರೋಗ್ಯವಾಗಿರುವಾಗ ಅದನ್ನು ಕ್ವಾರಂಟೈನ್ ಟ್ಯಾಂಕಿಗೆ ಹಾಕಿದರೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಮೊದಲ ದಿನದಿಂದಲೇ ಕೆಲಸಕ್ಕೆ ಇಳಿಯುತ್ತದೆ. ಈ ಸಲಕ್ಕೆ ಮಾತ್ರ, ರೋಗ ಬಂದ ಟ್ಯಾಂಕಿನ ಸ್ಪಂಜನ್ನು ತಾಮ್ರದ ಟ್ಯಾಂಕಿಗೆ ಹಾಕಬಹುದು, ಟ್ಯಾಂಕ್ ಬದಲಿಸುವ ವಿಧಾನಕ್ಕೆ ಹಾಕುವಂತಿಲ್ಲ. ಸ್ಪಂಜಿನಲ್ಲೂ ಕವಚ ಇರಬಹುದು.