ಡೈರೆಕ್ಟರಿ ಮರ: ಇಲ್ಲಿ ಹೆಸರೇ ವಿಳಾಸ

ಎಲ್‌ಡ್ಯಾಪ್ (ಜನ, ಗುಂಪುಗಳ ಮಾಹಿತಿಯನ್ನು ಮರದಂತೆ ಜೋಡಿಸಿಟ್ಟ ಡೈರೆಕ್ಟರಿಯಲ್ಲಿ ಹುಡುಕುವ, ಬದಲಿಸುವ ಪ್ರೋಟೋಕಾಲ್) ಓದಲು ಕೂತಾಗ ನನ್ನ ತಲೆ ಕೆಡಿಸಿದ್ದು ಇಂಥ ಸಾಲುಗಳು:

ಯುಐಡಿ=ರವಿ,ಒಯು=ಜನ,ಡಿಸಿ=ಎಕ್ಸಾಂಪಲ್,ಡಿಸಿ=ಕಾಮ್

ಇದನ್ನು ಬಲದಿಂದ ಎಡಕ್ಕೆ ಓದಿ, ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಬಲತುದಿ ಮರದ ಬೇರಿನ ಕಡೆ, ಎಡತುದಿ ನಮಗೆ ಬೇಕಾದ ಎಂಟ್ರಿ, ಅಂದರೆ ಒಂದು ದಾಖಲೆ. ಯುಐಡಿ ಅಂದರೆ ಬಳಕೆದಾರನ ಲಾಗಿನ್ ಹೆಸರು, ಒಯು ಅಂದರೆ ಸಂಸ್ಥೆಯ ಒಂದು ಘಟಕ, ಡಿಸಿ ಅಂದರೆ ಡೊಮೈನ್ ಹೆಸರಿನ ಒಂದು ತುಂಡು. ಫೈಲ್ ಪಾತ್‌ನಲ್ಲಿ ಬೇರು ಮೊದಲು ಬರುತ್ತದೆ, ಇಲ್ಲಿ ಪೂರ್ತಿ ಉಲ್ಟಾ. ಇಡೀ ಸಾಲಿಗೆ ಡಿಎನ್ ಅಂತ ಹೆಸರು, ಎಡತುದಿಯ ತುಂಡಿಗೆ ಆರ್‌ಡಿಎನ್. ಒಂದೇ ತಾಯಿ ಎಂಟ್ರಿಯ ಕೆಳಗೆ ಎರಡು ಎಂಟ್ರಿಗೆ ಒಂದೇ ಆರ್‌ಡಿಎನ್ ಇರುವಂತಿಲ್ಲ. ಬೇರೆ ಕೊಂಬೆಯಲ್ಲಿ ಇನ್ನೊಬ್ಬ ರವಿ ಇದ್ದರೆ ಪರವಾಗಿಲ್ಲ, ಅವನ ಡಿಎನ್ ಬೇರೆ ಆಗುತ್ತದಲ್ವಾ.

ಎಲ್‌ಡ್ಯಾಪ್‌ಗೂ ಮೊದಲಿನ ಡೈರೆಕ್ಟರಿ ಮಾನದಂಡವಾದ 1988ರ ಎಕ್ಸ್.500 ಕಾಲದ ಮರಗಳು ಮೇಲಿನಿಂದ ದೇಶ, ಆಮೇಲೆ ಸಂಸ್ಥೆ ಅಂತ ಇಳಿಯುತ್ತಿದ್ದವು. ಈಗ ಹೆಚ್ಚಾಗಿ ಕಾಣುವುದು ಡೊಮೈನ್ ಹೆಸರನ್ನೇ ತುಂಡು ಮಾಡಿ ಡಿಸಿ ಅಂತ ಬರೆಯುವ ರೀತಿ. ಸಂಸ್ಥೆಗೆ ಡೊಮೈನ್ ಹೇಗೂ ಇರುತ್ತದೆ, ಬೇರೆಯವರ ಜೊತೆ ಡಿಕ್ಕಿ ಆಗುವ ಭಯವೂ ಇಲ್ಲ.

ಫೋಲ್ಡರ್ ಹೋಲಿಕೆ ಎಲ್ಲರೂ ಕೊಡುತ್ತಾರೆ, ಆದರೆ ಅದು ಒಂದು ಕಡೆ ಕೈಕೊಡುತ್ತದೆ. ಫೋಲ್ಡರ್ ಸುಮ್ನೆ ಒಂದು ಡಬ್ಬಿ. ಇಲ್ಲಿ ಕೊಂಬೆಯೂ ಒಂದು ಪೂರ್ತಿ ಎಂಟ್ರಿಯೇ: ಒಯು=ಜನ ಅನ್ನುವುದಕ್ಕೂ ತನ್ನದೇ ಆಬ್ಜೆಕ್ಟ್ ಕ್ಲಾಸ್ (ಎಂಟ್ರಿ ಯಾವ ಬಗೆಯದು ಅನ್ನುವ ಗುರುತು), ಆಟ್ರಿಬ್ಯೂಟ್‌ಗಳು (ಎಂಟ್ರಿಯೊಳಗಿನ ಮಾಹಿತಿ) ಇರುತ್ತವೆ, ವಿವರಣೆ, ಫೋನ್ ನಂಬರ್ ಕೂಡ ಹಾಕಬಹುದು. ಹಾಗಾಗಿ ತಾಯಿ ಇಲ್ಲದೆ ಮಗುವನ್ನು ಸೇರಿಸಲು ಆಗುವುದಿಲ್ಲ. ನಾನು ಒಮ್ಮೆ ಎಲ್‌ಡಿಫ್ ಫೈಲ್‌ನಲ್ಲಿ (ಸೇರಿಸಬೇಕಾದ ಎಂಟ್ರಿಗಳನ್ನು ಬರೆದಿಡುವ ಪಠ್ಯ ಫೈಲ್) ಜನರನ್ನು ಮೊದಲು ಬರೆದು, ಒಯು ಅನ್ನು ಕೊನೆಯಲ್ಲಿ ಇಟ್ಟಿದ್ದೆ. ಸಾಲು ಸಾಲಾಗಿ ಎರರ್ 32, ಅಂದರೆ 'ಅಂಥ ಆಬ್ಜೆಕ್ಟ್ ಇಲ್ಲ'. ತಪ್ಪು ಜನರ ಎಂಟ್ರಿಯಲ್ಲಿದೆ ಅಂದುಕೊಂಡು ಒಂದು ಗಂಟೆ ಅಲ್ಲೇ ಹುಡುಕಿದೆ. ಅಳಿಸುವಾಗ ಇದರ ಉಲ್ಟಾ: ಕೆಳಗೆ ಮಕ್ಕಳಿರುವ ಎಂಟ್ರಿಯನ್ನು ಸಾಮಾನ್ಯ ಡಿಲೀಟ್‌ನಲ್ಲಿ ತೆಗೆಯಲು ಹೋದರೆ ಎರರ್ 66.

ಹುಡುಕುವಾಗ ಎಲ್ಲಿಂದ ಶುರು, ಎಷ್ಟು ಆಳ ಅಂತ ಹೇಳಬೇಕು. ಬೇಸ್ ಅಂದರೆ ಆ ಒಂದೇ ಎಂಟ್ರಿ. ಸಬ್ ಅಂದರೆ ಅದೂ ಸೇರಿ ಕೆಳಗಿನದೆಲ್ಲ. ಒನ್ ಅಂದರೆ ನೇರ ಮಕ್ಕಳು ಮಾತ್ರ, ಶುರು ಮಾಡಿದ ಎಂಟ್ರಿ ಇದರಲ್ಲಿ ಬರುವುದಿಲ್ಲ. ಪರೀಕ್ಷೆಯಲ್ಲಿ ಎಡವಲು ಹೇಳಿ ಮಾಡಿಸಿದ ಜಾಗ ಇದು.

ಈಗ ಅಸಲಿ ವಿಷಯ. ಮರದಲ್ಲಿರುವ ಜಾಗವೇ ಹೆಸರು. ಜಾಗ ಬದಲಾದರೆ ಹೆಸರೂ ಬದಲು. ಮೊದಲ ಸಲ ಮರ ಕಟ್ಟುವವರು ಸಂಸ್ಥೆಯ ವಿಭಾಗಗಳನ್ನು ಹಾಗೇ ಒಯುಗಳಾಗಿ ಇಳಿಸುತ್ತಾರೆ, ನೋಡಲೂ ಚೆಂದ ಇರುತ್ತದೆ. ಆಮೇಲೆ ರವಿ ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋದ ದಿನ ಅವನ ಡಿಎನ್ ಬದಲಾಗುತ್ತದೆ, ಗುಂಪಿನ ಮೆಂಬರ್ ಆಟ್ರಿಬ್ಯೂಟ್‌ನಲ್ಲಿ ಹಳೆಯ ಡಿಎನ್ ಹಾಗೇ ಕೂತಿರುತ್ತದೆ, ಅವನಿಗೆ ಇದ್ದ ಅನುಮತಿ ಸದ್ದಿಲ್ಲದೆ ಹೋಗುತ್ತದೆ. ಇದನ್ನು ತಾನೇ ಸರಿ ಮಾಡುವ ಸೌಲಭ್ಯ ಓಪನ್‌ಎಲ್‌ಡ್ಯಾಪ್ ಅನ್ನುವ ಸರ್ವರ್‌ನಲ್ಲಿ ಇದೆ, ಆದರೆ ನಾವೇ ಆನ್ ಮಾಡಬೇಕು.

ಅದಕ್ಕೇ ನನಗೆ ಚಪ್ಪಟೆ ಮರ ಇಷ್ಟ. ಜನರೆಲ್ಲ ಒಂದೇ ಒಯು ಕೆಳಗೆ, ವಿಭಾಗ ಯಾವುದು ಅನ್ನುವುದು ಬರೀ ಒಂದು ಆಟ್ರಿಬ್ಯೂಟ್. ಕೊಂಬೆ ಬೇಕಾಗುವುದು ನಿರ್ವಹಣೆಯನ್ನು ಬೇರೆಯವರಿಗೆ ಹಂಚುವಾಗ, ಅಥವಾ ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿಯಲ್ಲಿ ಒಯು ಮೇಲೆ ಗ್ರೂಪ್ ಪಾಲಿಸಿ (ಬಳಕೆದಾರರು, ಕಂಪ್ಯೂಟರ್‌ಗಳಿಗೆ ಒಟ್ಟಾಗಿ ಕೊಡುವ ಸೆಟ್ಟಿಂಗ್) ಹಾಕುವಾಗ. ಆರ್‌ಡಿಎನ್‌ಗೂ ಪೂರ್ತಿ ಹೆಸರಿಗಿಂತ ಯುಐಡಿ ವಾಸಿ, ಹೆಸರು ಬದಲಾಗುತ್ತದೆ, ಇಬ್ಬರಿಗೆ ಒಂದೇ ಇರುವುದೂ ಉಂಟು. ನಿಮ್ಮ ಆ್ಯಪ್‌ನ ಡೇಟಾಬೇಸ್‌ನಲ್ಲಿ ಯಾರನ್ನಾದರೂ ನೆನಪಿಟ್ಟುಕೊಳ್ಳಬೇಕಾದರೆ ಡಿಎನ್ ಬದಲು ಎಂಟ್ರಿ ಯುಯುಐಡಿ (ಸರ್ವರ್ ಪ್ರತಿ ಎಂಟ್ರಿಗೂ ಕೊಡುವ ವಿಶಿಷ್ಟ ಗುರುತು) ಇಟ್ಟುಕೊಳ್ಳಿ, ಎಂಟ್ರಿ ಯಾವ ಕೊಂಬೆಗೆ ಹಾರಿದರೂ ಅದು ಹಾಗೇ ಇರುತ್ತದೆ.